ಊದಬೇಡಿ ತಾತ, ಎಳ್ಕೊಳ್ಳಿ!

ದೊಡ್ಡಪ್ಪನಿಗೆ ಹೊಟ್ಟೆ ಆಪರೇಷನ್ ಆದ ಮಾರನೇ ದಿನ ಸಿಸ್ಟರ್ ಬಂದು ಉಸಿರಾಟದ ವ್ಯಾಯಾಮಕ್ಕೆಂದು ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೈಗಿಟ್ಟರು. ದೊಡ್ಡಪ್ಪ ಅದರ ಪೈಪು ಬಾಯಿಗಿಟ್ಟು ಜೋರಾಗಿ ಊದಿದರು. ಚೆಂಡು ಅಲ್ಲಾಡಲಿಲ್ಲ. "ಊದಬೇಡಿ ತಾತ, ಎಳ್ಕೊಳ್ಳಿ. ಎಳನೀರು ಕುಡಿಯೋ ಹಾಗೆ" ಅಂದರು ಸಿಸ್ಟರ್. ಈ ಸಲ ಒಂದು ಚೆಂಡು ಟಕ್ ಅಂತ ಮೇಲೆದ್ದಿತು.

ಎಳೆಯೋದೇ ಯಾಕೆ? ಶ್ವಾಸಕೋಶದೊಳಗೆ ಕೋಟಿಗಟ್ಟಲೆ ಪುಟಾಣಿ ಗಾಳಿಚೀಲಗಳಿವೆ. ಒಳಗೋಡೆ ಸದಾ ಒದ್ದೆ. ಪ್ಲಾಸ್ಟಿಕ್ ಕವರ್ ಒದ್ದೆಯಾದರೆ ಎರಡೂ ಬದಿ ಅಂಟಿಕೊಂಡು ಬಿಡಿಸೋಕೆ ಒದ್ದಾಡ್ತೀವಲ್ಲ, ಈ ಚೀಲಗಳ ಪಾಡೂ ಅದೇ. ಹಾಗಾಗಿ ನಾವು ಆಗಾಗ ನಮಗೇ ಗೊತ್ತಿಲ್ಲದೆ ಉದ್ದಕ್ಕೆ ಉಸಿರೆಳೆದು ಒಂದು ನಿಟ್ಟುಸಿರು ಬಿಡುತ್ತೇವೆ. ದುಃಖಕ್ಕಲ್ಲ, ಮುಚ್ಚಿಕೊಂಡ ಚೀಲ ಬಿಡಿಸೋಕೆ! ಅರಿವಳಿಕೆಯಲ್ಲಿ ಒಂದಷ್ಟು ಚೀಲ ಮುಚ್ಚಿಕೊಳ್ಳುತ್ತವೆ. ಎಚ್ಚರವಾದ ಮೇಲೂ ಹೊಲಿಗೆ ನೋಯುತ್ತದೆ ಅಂತ ರೋಗಿ ಆಳವಾಗಿ ಉಸಿರೆಳೆಯದೆ ಮೇಲುಮೇಲಕ್ಕೇ ಉಸಿರಾಡುತ್ತಾನೆ. ಅಲ್ಲಿ ಕಫ ಕೂತರೆ ನ್ಯುಮೋನಿಯಾ ಬರಬಹುದು. ಬಲೂನು ಊದುವಾಗ ಮೊದಲ ಉಸಿರೇ ಕಷ್ಟ, ಒಮ್ಮೆ ಬಿಡಿಸಿಕೊಂಡರೆ ಆಮೇಲೆ ಸಲೀಸು. ಅದಕ್ಕೇ ಉದ್ದಕ್ಕೆ ಎಳೆದು, ಮೂರು ಎಣಿಸುವವರೆಗೆ ಹಿಡಿಯಿರಿ ಅನ್ನೋದು. ಡಬ್ಬಿಯಲ್ಲಿ ಮಂತ್ರವೇನಿಲ್ಲ. ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಕೆಮ್ಮೋದು, ಎದ್ದು ಓಡಾಡೋದು ಅಷ್ಟೇ ಮುಖ್ಯ.

ಓಡಾಡೋದು ಅಂದಾಗ ನೆನಪಾಯಿತು. ಒಂದು ಕಾಲದಲ್ಲಿ ಆಪರೇಷನ್ ಆದವರನ್ನು ವಾರಗಟ್ಟಲೆ ಮಲಗಿಸಿಯೇ ಇಡುತ್ತಿದ್ದರು. 1899ರಲ್ಲಿ ಷಿಕಾಗೋದ ಎಮಿಲ್ ರೀಸ್ ಎಂಬ ವೈದ್ಯ ಬೇಗ ಎಬ್ಬಿಸಿ ನಡೆಸಿ ಅಂದರು. ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಮಂಚಗಳೂ ಸಾಲದೆ, ದಾದಿಯರೂ ಸಾಲದೆ, ಆ ಮಾತಿಗೆ ಬೆಲೆ ಬಂತು. ನಡೆದರೆ ಮೀನಖಂಡ ರಕ್ತವನ್ನು ಮೇಲಕ್ಕೆ ಒತ್ತುತ್ತದೆ. ಸುಮ್ನೆ ಮಲಗಿದರೆ ಕಾಲಲ್ಲೇ ರಕ್ತ ಹೆಪ್ಪುಗಟ್ಟಬಹುದು.

ನನಗೆ ಸಿಟ್ಟು ಬರೋದು ನಂಜಿನ ವಿಷಯಕ್ಕೆ. ಅನ್ನ ತಿಂದರೆ ಕೀವು, ಬದನೆಕಾಯಿ ನಂಜು, ಬೇಳೆ ಬೇಡ, ಮೊಟ್ಟೆಯಂತೂ ಬೇಡವೇ ಬೇಡ ಅಂತಾರೆ ಜನ! ಕೀವಾಗೋದು ಗಾಯಕ್ಕೆ ರೋಗಾಣು ಹೊಕ್ಕಾಗ. ಗಾಯ ಕೂಡಿಕೊಳ್ಳೋಕೆ ಪ್ರೋಟೀನ್ ಬೇಕು. ಬರೀ ಗಂಜಿ ಕೊಟ್ಟರೆ ಅದು ಎಲ್ಲಿಂದ ಬರಬೇಕು?

ಸಿಸ್ಟರ್ ನನ್ನ ಹಾಗೆ ವಾದಕ್ಕೆ ಇಳಿಯಲಿಲ್ಲ. ಊಟದ ವಿಷಯ ಎಲ್ಲ ಹೇಳಿ ಮುಗಿಸಿ, "ಅರ್ಥ ಆಯ್ತಾ?" ಅಂತಲೂ ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ತಲೆಯಾಡಿಸ್ತಾರೆ, ಅಲ್ವಾ?

"ಮನೆಗೆ ಹೋದ್ಮೇಲೆ ತಾತಂಗೆ ಏನು ಕೊಡ್ತೀರಮ್ಮ, ಒಂದ್ಸಲ ಹೇಳಿ."

"ಗಂಜಿ" ಅಂದರು ದೊಡ್ಡಮ್ಮ.

ಸಿಸ್ಟರ್ ಸ್ಟೂಲ್ ಎಳೆದುಕೊಂಡು ಮತ್ತೆ ಕೂತರು. "ಮೊಟ್ಟೆ ತಿಂತಾರಾ?"

"ಶನಿವಾರ ಬಿಟ್ಟು."

"ಸರಿ. ಶನಿವಾರ ಬೇಳೆ ಜಾಸ್ತಿ ಹಾಕಿ."