ಸಲಕರಣೆ ಹದಿನೆಂಟು, ಕೀಲು ಒಂದೇ

ಇಕ್ಕಳ, ಚಾಕು, ಸ್ಕ್ರೂ ಡ್ರೈವರ್ ಎಲ್ಲ ಒಂದರಲ್ಲೇ ಮಡಚಿಟ್ಟ ಜೇಬಿನ ಸಲಕರಣೆಯೇ ಮಲ್ಟಿಟೂಲ್. ಅದರ ಡಬ್ಬಿಯ ಮೇಲೆ ಎಲ್ಲಕ್ಕಿಂತ ದಪ್ಪಗೆ ಅಚ್ಚಾಗಿರುವುದು ಸಲಕರಣೆಗಳ ಎಣಿಕೆ. ಕೊಳ್ಳುವವರು ಬೆಲೆಯನ್ನು ಅದರಿಂದ ಭಾಗಿಸಿ ಯಾವುದು ಲಾಭ ಎಂದು ನೋಡುತ್ತಾರೆ. ಆದರೆ ಇಕ್ಕಳದ ಚೂಪು ಮೂತಿಗೊಂದು, ಅದರ ಬುಡಕ್ಕೊಂದು, ತಂತಿ ಕತ್ತರಿಸುವ ಅಂಚಿಗೆ ಮತ್ತೊಂದು ಎಂದು ಹಿಡಿದು ಎಣಿಕೆ ಬೆಳೆಸಿರುತ್ತಾರೆ. ಲೆದರ್‌ಮನ್ ಕಂಪನಿಯ ವೇವ್ ಪ್ಲಸ್‌ನಲ್ಲಿ 18 ಸಲಕರಣೆ, ತೂಕ 241 ಗ್ರಾಂ. ಅದೇ ಕಂಪನಿಯ ಸ್ಕೆಲಿಟೂಲ್‌ನಲ್ಲಿ 7, ತೂಕ 142 ಗ್ರಾಂ. ಇಕ್ಕಳ ಒತ್ತಿದಾಗ ಎರಡರಲ್ಲೂ ಭಾರ ಹೊರುವುದು ಒಂದೇ ಕೀಲು.

ಆ ಭಾರ ಎಷ್ಟು? ಹಿಡಿಯ ಮೇಲೆ ಕೈ ಒತ್ತುವ ಜಾಗ ಕೀಲಿನಿಂದ 8 ಸೆಂ.ಮೀ., ತಂತಿ ಕತ್ತರಿಸುವ ಅಂಚು 1 ಸೆಂ.ಮೀ. ದೂರದಲ್ಲಿದೆ ಎನ್ನಿ. ಕೈಯಿಂದ 20 ಕೆ.ಜಿ. ಒತ್ತಡ ಬಿದ್ದರೆ ತಂತಿಯ ಮೇಲೆ ಬೀಳುವುದು 160 ಕೆ.ಜಿ. ಕೀಲಿನ ಪಿನ್ನು ಎರಡನ್ನೂ ಸೇರಿಸಿ 180 ಕೆ.ಜಿ. ತಡೆಯಬೇಕು. ಮೂತಿಯ ತುದಿ 4 ಸೆಂ.ಮೀ. ದೂರವಿರುವುದರಿಂದ ಅಲ್ಲಿ ಸಿಗುವುದು ಬರೀ 40 ಕೆ.ಜಿ. ತುದಿಯಲ್ಲಿ ನಟ್ಟು ಹಿಡಿದು ತಿರುಗಿಸಲು ಹೋದರೆ ಮೂತಿ ಜಾರುವುದೂ ತಿರುಚಿಕೊಳ್ಳುವುದೂ ಇದಕ್ಕೇ. ನಟ್ಟು ಯಾವತ್ತೂ ಮೂತಿಯ ಬುಡಕ್ಕೆ ಬರಬೇಕು.

ಹೀಗಾಗಿ ಅಂಗಡಿಯಲ್ಲಿ ಮೊದಲು ಪರೀಕ್ಷಿಸಬೇಕಾದ್ದು ಕೀಲನ್ನು. ಇಕ್ಕಳ ಮುಚ್ಚಿ ಬೆಳಕಿಗೆ ಹಿಡಿಯಿರಿ. ತುದಿಗಳು ಸರಿಯಾಗಿ ಕೂಡಬೇಕು, ಬುಡದಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೆ ತೊಂದರೆಯಿಲ್ಲ. ಎರಡು ಹಿಡಿಗಳನ್ನು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಹೊಸದರಲ್ಲೇ ಲೊಡಲೊಡ ಎಂದರೆ ಡಬ್ಬಿಗೆ ವಾಪಸ್ ಹಾಕಿ. ಚಾಕು ಬಿಚ್ಚಿದಾಗ ಲಾಕ್ ಬೀಳದಿದ್ದರೆ, ಚುಚ್ಚುವ ಕೆಲಸದಲ್ಲಿ ಅದು ಬೆರಳಿನ ಮೇಲೇ ಮಡಚಿಕೊಳ್ಳಬಹುದು. ತಂತಿಯ ವಿಷಯಕ್ಕೂ ಒಂದು ಮಿತಿ ಇದೆ. ಬೈಂಡಿಂಗ್ ವೈರ್ ಮೆತ್ತಗಿನ ಕಬ್ಬಿಣ, ಯಾವ ಇಕ್ಕಳವಾದರೂ ತುಂಡರಿಸುತ್ತದೆ. ಬೈಕಿನ ಕ್ಲಚ್ ವೈರ್ ಹೆಚ್ಚು ಇಂಗಾಲದ ಗಟ್ಟಿ ಉಕ್ಕು. ಅಗ್ಗದ ಅಂಚಿನಲ್ಲಿ ಅದನ್ನಿಟ್ಟು ಒತ್ತಿದರೆ ಹಲ್ಲು ಬೀಳುವುದು ಅಂಚಿಗೇ. ಕತ್ತರಿಸುವ ಅಂಚನ್ನು ಬಿಚ್ಚಿ ಹೊಸದು ಹಾಕುವ ಮಾದರಿಗೆ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟರೂ ನಷ್ಟವಿಲ್ಲ.

ಉಕ್ಕಿನ ವಿಷಯದಲ್ಲಿ ನಮ್ಮ ಮನೆಗಳ ಒಂದು ರೂಢಿ ದಾರಿ ತಪ್ಪಿಸುತ್ತದೆ. ಪಾತ್ರೆ ಕೊಳ್ಳುವಾಗ ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲ್ ಎನ್ನುತ್ತೇವೆ. ಅಲಗಿಗೆ ಇದು ಉಲ್ಟಾ. ಅಂಟದ ಸ್ಟೀಲನ್ನು ಕಾಯಿಸಿ ತಣಿಸಿ ಗಟ್ಟಿ ಮಾಡಲು ಬರುವುದಿಲ್ಲ, ಅದರ ಹರಿತ ನಿಲ್ಲುವುದಿಲ್ಲ. ಅಲಗಿನ ಉಕ್ಕಿಗೆ ಅಯಸ್ಕಾಂತ ಅಂಟಲೇಬೇಕು. 420ಎಚ್‌ಸಿ ಎಂದು ಬರೆದಿದ್ದರೆ ಸುಮಾರು 13% ಕ್ರೋಮಿಯಂ, ಅರ್ಧ ಶೇಕಡಾಕ್ಕೆ ಹತ್ತಿರದ ಇಂಗಾಲ: ಬೇಗ ಮೊಂಡಾಗುತ್ತದೆ, ಆದರೆ ಸಾಣೆಕಲ್ಲಿನ ಮೇಲೆ ಬೇಗ ಹರಿತವೂ ಆಗುತ್ತದೆ. ಡಿ2 ಉಕ್ಕಿನಲ್ಲಿ ಕ್ರೋಮಿಯಂ 12% ಇದ್ದರೂ ಇಂಗಾಲ 1.5% ಇರುತ್ತದೆ. ಆ ಇಂಗಾಲ ಕ್ರೋಮಿಯಂನ ದೊಡ್ಡ ಪಾಲನ್ನು ಕಾರ್ಬೈಡ್ ಹರಳುಗಳಲ್ಲಿ ಕಟ್ಟಿಹಾಕುತ್ತದೆ. ಮೇಲ್ಮೈಯಲ್ಲಿ ರಕ್ಷಣೆಯ ಪದರ ಕಟ್ಟಲು ಉಳಿಯುವುದು ಕಡಿಮೆ. ಕಲಬುರಗಿಯ ಏಪ್ರಿಲ್-ಮೇ ಬಿಸಿಲಲ್ಲಿ ಪ್ಯಾಂಟಿನ ಜೇಬು ಇಡೀ ದಿನ ಬೆವರಿನಿಂದ ಒದ್ದೆ. ಬೆವರಿನ ಉಪ್ಪಿನಲ್ಲಿರುವ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ಒಡೆದು ಚುಕ್ಕಿ ಚುಕ್ಕಿಯಾಗಿ ತುಕ್ಕು ತರುತ್ತದೆ. ಜೇಬಿನಲ್ಲೇ ಇಡುವವರಿಗೆ 420ಎಚ್‌ಸಿ ಮೇಲು.

ಇನ್ನು ಧೂಳು. ಶಹಾಬಾದ್ ಕಲ್ಲಿನ ಪುಡಿ ಸುಣ್ಣದ ಕಲ್ಲಿನದು, ಗಡಸುತನ ಅಳೆಯುವ 1ರಿಂದ 10ರ ಮೋಸ್ ಪಟ್ಟಿಯಲ್ಲಿ 3 ಮಾತ್ರ. ಕೀಲಿನಲ್ಲಿ ತುಂಬಿ ಬಿಗಿ ಮಾಡುತ್ತದೆಯೇ ಹೊರತು ಉಕ್ಕನ್ನು ಗೀರುವುದಿಲ್ಲ. ಭೀಮಾ ಹೊಳೆಯ ಮರಳಿನಲ್ಲಿರುವ ಬೆಣಚುಕಲ್ಲಿನ ಗಡಸುತನ 7. ಒಂದು ಹರಳು ಒಳಹೊಕ್ಕರೂ ಪ್ರತಿ ಸಲ ತೆರೆದಾಗ ಕೀಲನ್ನು ತಿನ್ನುತ್ತದೆ. ಎರೆ ಮಣ್ಣು ಒದ್ದೆಯಾಗಿ ಹೊಕ್ಕರೆ ಒಣಗಿ ಗಾರೆಯಾಗುತ್ತದೆ. ಎಲ್ಲ ಅಲಗು ಬಿಚ್ಚಿ ಉಗುರು ಬೆಚ್ಚಗಿನ ನೀರು, ಪಾತ್ರೆ ಸೋಪು, ಹಳೆಯ ಬ್ರಶ್ಶಿನಿಂದ ಉಜ್ಜಿ, ಪೂರ್ತಿ ಒಣಗಿಸಿ, ಕೀಲಿಗೆ ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ ಸಾಕು. ಹೆಚ್ಚಾದರೆ ಧೂಳು ಹಿಡಿಯುತ್ತದೆ. ಅಡುಗೆಮನೆಯ ಕುಸುಬಿ ಎಣ್ಣೆ ಮಾತ್ರ ಬೇಡ: ಗಾಳಿಯ ಆಮ್ಲಜನಕ ತಾಗಿ ಅದು ಅಂಟಾಗಿ ಗಟ್ಟಿಯಾಗುತ್ತದೆ. ಬಣ್ಣಗಳಲ್ಲಿ ಅದನ್ನು ಬಳಸುವುದು ಇದೇ ಗುಣಕ್ಕಾಗಿ.

ಮಲ್ಟಿಟೂಲ್‌ನ ಹಿಡಿ ಬರೀ ಲೋಹ. ಮನೆಯ 230 ವೋಲ್ಟ್ ಸ್ವಿಚ್ ಬೋರ್ಡಿಗಾಗಲಿ, ಹೊಲದ ಮೋಟಾರ್ ಸ್ಟಾರ್ಟರ್ ಡಬ್ಬಿಗಾಗಲಿ ಅದನ್ನು ಕರೆಂಟ್ ಇರುವಾಗ ತಾಗಿಸಬಾರದು. ಆ ಕೆಲಸಕ್ಕೆ ಇನ್ಸುಲೇಟೆಡ್ ಹಿಡಿಯ ಸ್ಕ್ರೂ ಡ್ರೈವರ್ ಬೇರೆಯೇ ಇರಲಿ.

ಪ್ರಯಾಣದ ಚೀಲಕ್ಕೆ ಸೇರುವ ಪವರ್ ಬ್ಯಾಂಕಿನ ಅಂಕಿಯೂ ಸಲಕರಣೆಗಳ ಎಣಿಕೆಯ ಹಾಗೆಯೇ ದಾರಿ ತಪ್ಪಿಸುತ್ತದೆ. 10,000 ಎಂಎಎಚ್ ಎನ್ನುವುದು ಒಳಗಿನ ಸೆಲ್‌ನ 3.7 ವೋಲ್ಟ್ ಲೆಕ್ಕ. ಗುಣಿಸಿದರೆ 37 ವ್ಯಾಟ್-ಅವರ್. 5 ವೋಲ್ಟ್‌ಗೆ ಏರಿಸುವಾಗಿನ ಸೋರಿಕೆ ಕಳೆದು ಹೊರಬರುವುದು ಸುಮಾರು 31. 5,000 ಎಂಎಎಚ್ ಫೋನಿಗೆ 19 ಬೇಕು. ಎರಡು ಸಲ ತುಂಬುತ್ತದೆ ಎಂದುಕೊಂಡವರಿಗೆ ಸಿಗುವುದು ಒಂದೂವರೆ. ಪವರ್ ಬ್ಯಾಂಕಿನ ಮೇಲೆ ಸಣ್ಣಕ್ಷರದಲ್ಲಿ ‘ರೇಟೆಡ್ ಕೆಪಾಸಿಟಿ’ ಇರುತ್ತದೆ, ಹೋಲಿಸಬೇಕಾದ್ದು ಅದನ್ನು. ಲಿಥಿಯಂ ಸೆಲ್‌ಗಳನ್ನು 45 ಡಿಗ್ರಿ ದಾಟಿದ ಬಿಸಿಯಲ್ಲಿ ಚಾರ್ಜ್ ಮಾಡಿದರೆ ಬೇಗ ಹಾಳಾಗುತ್ತವೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ.

ಬ್ಯಾಗಿನ ಬಟ್ಟೆಗೆ 600ಡಿ ಎಂದಿದ್ದರೆ 9,000 ಮೀಟರ್ ನೂಲಿನ ತೂಕ 600 ಗ್ರಾಂ ಎಂದರ್ಥ. ನೂಲಿನ ದಪ್ಪ ತಿಳಿಯಿತು, ಹೊಲಿಗೆಯ ಗಟ್ಟಿತನ ತಿಳಿಯಲಿಲ್ಲ. ಪಟ್ಟಿ ಬ್ಯಾಗಿಗೆ ಕೂಡುವ ಕಡೆ ಚೌಕದೊಳಗೆ ಅಡ್ಡಗೀಟು ಹಾಕಿ ಹೊಲಿದಿದ್ದಾರೆಯೇ ನೋಡಿದರೆ ಸಾಕು.

ಕಲಬುರಗಿ, ಬೀದರಿನಿಂದ ಹೈದರಾಬಾದಿಗೆ ಹೋಗಿ ವಿಮಾನ ಹತ್ತುವವರು ಮಲ್ಟಿಟೂಲ್, ಪವರ್ ಬ್ಯಾಂಕ್ ಎರಡನ್ನೂ ಒಂದೇ ಪೌಚಿನಲ್ಲಿ ಇಡುವಂತಿಲ್ಲ. ಅಲಗು ಇರುವ ಮಲ್ಟಿಟೂಲ್ ಚೆಕ್-ಇನ್ ಬ್ಯಾಗಿಗೆ ಹೋಗಬೇಕು. ಪವರ್ ಬ್ಯಾಂಕ್ 100 ವ್ಯಾಟ್-ಅವರ್ ಒಳಗಿದ್ದು ಕೈಚೀಲದಲ್ಲೇ ಇರಬೇಕು. ಕೈಚೀಲ ಒಂದನ್ನೇ ಹಿಡಿದು ಹೊರಟರೆ ಮಲ್ಟಿಟೂಲ್ ಮನೆಯಲ್ಲೇ ಉಳಿಯಬೇಕು.