ಜಿಂಕೆ, ಕುರಿ, ಜಂತುಹುಳ: ಮೊಟ್ಟೆ ಹೊರಗೆ ಬಂತಾ?

ನಿನ್ನೆ ಹಳೆ ಪ್ರಶ್ನೆಪತ್ರಿಕೆ ಬಿಡಿಸ್ತಾ ಇದ್ದೆ. ‘ದೈತ್ಯ ಲಿವರ್ ಫ್ಲೂಕ್ (ಲಿವರ್‌ನಲ್ಲಿ ಬೆಳೆಯುವ ಚಪ್ಪಟೆ ಹುಳ) ಇರುವ ದನದಿಂದ ಪಕ್ಕದ ಕುರಿಗಳಿಗೆ ಸೋಂಕು ಹರಡುತ್ತದೆಯೇ?’ ಕಣ್ಣುಮುಚ್ಚಿ ‘ಹೌದು’ ಅಂತ ಬರೆದೆ. ತಪ್ಪು. ಎಲ್ಲಿ ಎಡವಿದೆ ಅನ್ನೋದು ತಲೆಯಲ್ಲಿ ಕೂರಲಿ ಅಂತ ಈ ಟಿಪ್ಪಣಿ.

ಸುಲಭದ್ದು ಮೊದಲು: ಹೀಮಾಂಕಸ್ ಕಂಟಾರ್ಟಸ್. ಮೆಲುಕು ಹಾಕುವ ಪ್ರಾಣಿಯ ನಾಲ್ಕನೇ ಹೊಟ್ಟೆಯಲ್ಲಿ, ಅಂದರೆ ಅಬೊಮೇಸಮ್‌ನಲ್ಲಿ, ಕೂತು ರಕ್ತ ಹೀರುವ ಹುಳ. ಒಂದು ಹೆಣ್ಣು ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ. ಹಿಕ್ಕೆಯಲ್ಲೇ ಮರಿ ಒಡೆದು, ಬ್ಯಾಕ್ಟೀರಿಯಾ ತಿಂದು ಬೆಳೆದು, ಮೂರನೇ ಹಂತಕ್ಕೆ ಬಂದಾಗ ಹಳೆ ಪೊರೆ ಕಳಚದೆ ಅದನ್ನೇ ಹೊದ್ದುಕೊಂಡು, ಹುಲ್ಲಿನ ಮೇಲಿನ ತೇವ ಹಿಡಿದು ಮೇಲೇರುತ್ತೆ. ಪೊರೆಯೊಳಗಿಂದ ಏನೂ ತಿನ್ನೋಕಾಗಲ್ಲ. ಕೂಡಿಟ್ಟ ಶಕ್ತಿ ಇರೋವರೆಗೆ ಆಯಸ್ಸು. ಆ ಹುಲ್ಲನ್ನು ಕುರಿ ಮೇಯ್ದರೂ ಸರಿ, ರೋ ಜಿಂಕೆ ಮೇಯ್ದರೂ ಸರಿ, ಹುಳ ಬೆಳೆದು ಮೊಟ್ಟೆ ಇಡುತ್ತೆ. ಎರಡೂ ಪ್ರಾಣಿ ಮುಖ ನೋಡಿಕೊಳ್ಳಲೇಬೇಕಿಲ್ಲ. ರಾತ್ರಿ ಅದು, ಹಗಲು ಇದು, ನಡುವೆ ಒಂದೇ ಹುಲ್ಲುಗಾವಲು.

ನನ್ನನ್ನು ಬೀಳಿಸಿದ್ದು ಫ್ಯಾಸಿಯೊಲಾಯ್ಡಿಸ್ ಮ್ಯಾಗ್ನಾ, ಅಂದರೆ ಪ್ರಶ್ನೆಯಲ್ಲಿದ್ದ ಅದೇ ದೈತ್ಯ ಲಿವರ್ ಫ್ಲೂಕ್. ಮೂಲ ಉತ್ತರ ಅಮೆರಿಕ. 19ನೇ ಶತಮಾನದಲ್ಲಿ ವಾಪಿಟಿ ಜಿಂಕೆಗಳ ಜೊತೆ ಇಟಲಿಗೆ ಬಂತು. ಟುರಿನ್ ಹತ್ತಿರದ ಲಾ ಮಾಂಡ್ರಿಯಾದಲ್ಲಿ ಸಿಕ್ಕಿದ್ದನ್ನು ಇಟಲಿಯ ಪಶುವೈದ್ಯ ಬಾಸ್ಸಿ 1875ರಲ್ಲಿ ವಿವರಿಸಿದರು. ಒಂದೇ ಹುಳ, ಮೂರು ಲಿವರ್‌ಗಳಲ್ಲಿ ಮೂರು ಕಥೆ.

ಬಿಳಿಬಾಲದ ಜಿಂಕೆಯ ಲಿವರ್ ಹುಳದ ಸುತ್ತ ತೆಳು ಚೀಲ ಕಟ್ಟುತ್ತೆ, ಆ ಚೀಲಕ್ಕೆ ಪಿತ್ತನಾಳದ ಕಡೆಗೆ ಕಿಂಡಿ ಇರುತ್ತೆ. ಮೊಟ್ಟೆ ಪಿತ್ತದ ಜೊತೆ ಕರುಳಿಗೆ, ಅಲ್ಲಿಂದ ಹಿಕ್ಕೆಗೆ. ನೀರಲ್ಲಿ ಒಡೆದ ಮರಿ ಬಸವನಹುಳುವಿಗೆ. ದನದಲ್ಲಿ ಚೀಲದ ಗೋಡೆ ದಪ್ಪ, ಕಿಂಡಿ ಇಲ್ಲ. ಹುಳ ಬಲಿತರೂ ಮೊಟ್ಟೆ ಒಳಗೇ ಉಳಿಯುತ್ತೆ. ಹೊರಗಿಂದ ಬೀಗ ಹಾಕಿದ ಮನೆಯಲ್ಲಿ ಕೂತು ಕಾಗದ ಬರೆದ ಹಾಗೆ: ಬರೆದದ್ದು ನಿಜ, ಅಂಚೆಗೆ ಬೀಳಲ್ಲ. ಕುರಿಯಲ್ಲಂತೂ ಚೀಲವೇ ನೆಟ್ಟಗೆ ಕಟ್ಟಲ್ಲ. ಎಳೆ ಹುಳ ಲಿವರ್ ಕೊರೆಯುತ್ತಾ ಅಲೆಯುತ್ತಲೇ ಇರುತ್ತೆ. ಬೆರಳೆಣಿಕೆಯ ಹುಳಕ್ಕೇ ಕುರಿ ಸಾಯಬಹುದು, ಅದೂ ಹುಳ ಮೊಟ್ಟೆ ಇಡುವ ಮೊದಲೇ.

‘ಸೋಂಕು ತಗುಲುತ್ತೆ’ ಮತ್ತು ‘ಸೋಂಕು ಹರಡುತ್ತೆ’ ಎರಡನ್ನೂ ನಾನು ಒಂದೇ ಗಂಟಿಗೆ ಕಟ್ಟಿದ್ದೆ. ಅದಕ್ಕಿಂತ ಒಳಗಿನ ತಪ್ಪು ಇನ್ನೊಂದಿತ್ತು: ಯಾವ ಪ್ರಾಣಿಗೆ ಕಾಯಿಲೆ ಜಾಸ್ತಿಯೋ ಅದೇ ಜಾಸ್ತಿ ಹರಡುತ್ತೆ ಅಂದುಕೊಂಡಿದ್ದೆ. ಇಲ್ಲಿ ಪೂರ್ತಿ ಉಲ್ಟಾ. ಸಾಯುವ ಕುರಿಯಿಂದ ಹುಲ್ಲುಗಾವಲಿಗೆ ಒಂದು ಮೊಟ್ಟೆಯೂ ಬೀಳಲ್ಲ. ಮೈ ತುಂಬಿಕೊಂಡು ಓಡಾಡುವ ಜಿಂಕೆಯೇ ಮೂಲ. ಅದಕ್ಕೇ ಈಗ ಪ್ರತಿ ಹುಳಕ್ಕೂ, ಪ್ರತಿ ಪ್ರಾಣಿಗೂ ಒಂದೇ ಪ್ರಶ್ನೆ ಕೇಳ್ತೀನಿ: ಮೊಟ್ಟೆ ಹೊರಗೆ ಬಂತಾ?

ಮಿದುಳು ಪೊರೆಯ ಹುಳ ಪ್ಯಾರೆಲಾಫೊಸ್ಟ್ರಾಂಜಿಲಸ್ ಟೆನ್ಯುಯಿಸ್‌ಗೂ ಇದೇ ಪ್ರಶ್ನೆ, ‘ಮೊಟ್ಟೆ’ ಬದಲು ‘ಮರಿ’ ಅನ್ನಬೇಕು ಅಷ್ಟೇ. ಬಿಳಿಬಾಲದ ಜಿಂಕೆಯ ಹಿಕ್ಕೆಯಲ್ಲಿ ಮರಿಹುಳ ಬರುತ್ತೆ, ಬಸವನಹುಳು ಅಥವಾ ಚಿಪ್ಪಿಲ್ಲದ ಬಸವನಹುಳುವಿನ (ಸ್ಲಗ್) ಮೂಲಕ ಮೇಕೆಗೆ ಸೇರುತ್ತೆ. ಮೇಕೆಯ ಬೆನ್ನುಹುರಿ ಕೆಟ್ಟು ಹಿಂಗಾಲು ಎಳೆಯುತ್ತೆ, ಆದರೆ ಅದರ ಹಿಕ್ಕೆ ಪರೀಕ್ಷಿಸಿದರೆ ಮರಿ ಸಿಗಲ್ಲ.

ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಎಡವುವ ಜಾಗ ಒಂದಿದೆ, ಹುಷಾರು. ಜಿಂಕೆಯ ಹಿಕ್ಕೆಯಲ್ಲಿ ಸ್ಟ್ರಾಂಜೈಲ್ (ಹೀಮಾಂಕಸ್ ಸೇರಿದ ದುಂಡುಹುಳಗಳ ಗುಂಪು) ಮೊಟ್ಟೆ ಕಂಡ ಕೂಡಲೇ ‘ಕುರಿಯ ಹುಳವೇ’ ಅನ್ನಬೇಡಿ. ಜಿಂಕೆಗಳಲ್ಲೇ ಹೆಚ್ಚಾಗಿರುವ ಸ್ಪೈಕ್ಯುಲಾಪ್ಟೆರೇಜಿಯಾ ಎಂಬ ಹುಳದ ಮೊಟ್ಟೆಯೂ ಹೆಚ್ಚುಕಮ್ಮಿ ಹಾಗೇ ಕಾಣುತ್ತೆ. ಮರಿ ಬೆಳೆಸಿ ನೋಡಬೇಕು ಅಥವಾ ಡಿಎನ್ಎ ಪರೀಕ್ಷೆ ಮಾಡಬೇಕು.

ಕೊನೆಗೆ ಬಾಣದ ದಿಕ್ಕು. ಸೋಂಕು ಹರಡುವ ದಾರಿ ತೋರಿಸೋಕೆ ನಾನು ಬರೆದ ಚಿತ್ರದಲ್ಲೆಲ್ಲ ಜಿಂಕೆಯಿಂದ ಕುರಿಗೇ ಬಾಣ ಇತ್ತು. ಬ್ರಿಟನ್ನಿನ ಕಾಡು ರೋ ಜಿಂಕೆಗಳಲ್ಲಿ ಬೆಂಜಿಮಿಡಜೋಲ್ ಔಷಧಕ್ಕೆ ಬಗ್ಗದ ಹೀಮಾಂಕಸ್ ಸಿಕ್ಕಿದ ವರದಿ 2014ರಲ್ಲಿ ಬಂತು. ಕಾಡು ಜಿಂಕೆಗೆ ಜಂತುಹುಳದ ಔಷಧ ಕುಡಿಸಿದವರು ಯಾರು? ಔಷಧ ಬಿದ್ದದ್ದು ಸಾಕುಪ್ರಾಣಿಗಳಿಗೆ, ಬಗ್ಗದ ಹುಳ ಹುಟ್ಟಿದ್ದೂ ಅಲ್ಲೇ ಇರಬೇಕು. ರಬ್ಬರ್ ತಗೊಂಡು ಹೀಮಾಂಕಸ್‌ನ ಬಾಣಕ್ಕೆ ಎರಡೂ ಕಡೆ ಮೊನೆ ಹಾಕಿದೆ.