ಕೀವರ್ಡ್ ಟೂಲ್ ಯಾವುದು ಚಲೋ ಅನ್ನೂಕಿಂತ ಮೊದ್ಲ, ಅದರಾಗಿನ ನಂಬರ್ ಎಲ್ಲಿಂದ ಬಂತು ನೋಡ್ರಿ

ಬೆಳಗಾವಿ ಟಿಳಕವಾಡಿ ಇರ್ಲಿ, ಬಾಗಲಕೋಟೆ ನವನಗರ ಇರ್ಲಿ, ವಿಜಯಪುರ ಇರ್ಲಿ, ಈಗ ವೆಬ್‌ಸೈಟ್ ಮಾಡಿಸಿದ ವ್ಯಾಪಾರಸ್ಥರು ಭಾಳ ಮಂದಿ ಅದಾರ. ಇಳಕಲ್ ಸೀರಿ ಮಾರೋರು, ಅಮೀನಗಡ ಕರದಂಟು ಕೊರಿಯರ್ ಮಾಡೋರು, ತಿಕೋಟಾ ಕಡಿ ಒಣದ್ರಾಕ್ಷಿ ವ್ಯಾಪಾರದವ್ರು, ಉದ್ಯಮಬಾಗದ ಫೌಂಡ್ರಿಯವ್ರು, ಕೋಚಿಂಗ್ ಕ್ಲಾಸಿನವ್ರು. ಸೈಟ್ ಆಗಿ ತಿಂಗಳಗಟ್ಟಲೆ ಆದ್ರೂ ಒಂದು ಫೋನ್ ಬರ್ಲಿಲ್ಲ ಅಂದ್ರ ಯಾರರ ಒಬ್ರು ಎಸ್‌ಇಓ, ಅಂದ್ರ ಗೂಗಲ್ ಹುಡುಕಾಟದಾಗ ಸೈಟ್ ಮ್ಯಾಲ ಬರೂಹಂಗ ಮಾಡೂ ಕೆಲಸ, ಮಾಡಿಸ್ರಿ ಅಂತಾರ, ಎಸ್‌ಇಓ ಅಂದ ಕೂಡ್ಲೆ ಕೀವರ್ಡ್ ರಿಸರ್ಚ್, ಅಂದ್ರ ಮಂದಿ ಯಾವ ಶಬ್ದ ಹೊಡೆದು ಹುಡುಕ್ತಾರ ಅಂತ ನೋಡೂದು, ಬರತೈತಿ, ಆಮ್ಯಾಲ ಎಲ್ಲಾರೂ ಕೇಳೂದು ಒಂದ: ಯಾವ ಟೂಲ್ ತಗೋಬೇಕ್ರಿ? ಯೂಟ್ಯೂಬಿನ್ಯಾಗ ಇದಕ್ಕ ಸಿಗೂ ಉತ್ತರ ಅಂದ್ರ ಟೂಲಿನ ಹೆಸರು, ರೇಟು, ಡಿಸ್ಕೌಂಟ್ ಲಿಂಕು. ಆದ್ರ ಮೊದ್ಲ ಕೇಳಬೇಕಾದ್ದು ಬ್ಯಾರೆ ಐತಿ. ಟೂಲ್ ತೋರ್ಸೋ 'ತಿಂಗಳಿಗೆ ಇಷ್ಟು ಸರ್ಚ್' ಅನ್ನೂ ನಂಬರ್ ಯಾರು ಎಣಿಸಿದ್ದು, ಯಾರ ಸಲುವಾಗಿ ಎಣಿಸಿದ್ದು? ಇದು ತಿಳೀಬೇಕಂದ್ರ ಇಪ್ಪತ್ತೈದು ವರ್ಷಕ್ಕಿಂತ ಹಿಂದ ಹೋಗಬೇಕು.

1998ರಾಗ, ಅಂದ್ರ ಬೆಳಗಾವಿಯೊಳಗ ವಿಟಿಯು ಶುರುವಾದ ವರ್ಷನ, ಅಮೆರಿಕಾದಾಗ ಬಿಲ್ ಗ್ರಾಸ್ ಅನ್ನೋರು ಗೋಟೂ ಅಂತ ಒಂದು ಸರ್ಚ್ ಎಂಜಿನ್ ತಂದ್ರು. ಅದರ ಪದ್ಧತಿ ಭಾಳ ಸರಳ ಇತ್ತು, ಒಂದು ಶಬ್ದಕ್ಕ ಯಾರು ಹೆಚ್ಚು ರೊಕ್ಕ ಕೊಡ್ತಾರೋ ಅವರ ಲಿಂಕ್ ಮ್ಯಾಲ. ಶಬ್ದಕ್ಕ ಸವಾಲು ಕೂಗೂದು ಅಂದಮ್ಯಾಲ, ಆ ಶಬ್ದ ಎಷ್ಟು ಮಂದಿ ಹುಡುಕ್ತಾರ ಅಂತ ರೊಕ್ಕ ಹಾಕೋರಿಗೆ ಹೇಳಬೇಕಲ್ಲ, ಅದಕ್ಕ ಒಂದು ಟೂಲ್ ಬಿಟ್ರು. ಶಬ್ದ ಟೈಪ್ ಮಾಡಿದ್ರ ಹಿಂದಿನ ತಿಂಗಳು ಅದನ್ನ ಎಷ್ಟು ಸಲ ಹುಡುಕ್ಯಾರ ಅಂತ ಲಿಸ್ಟ್ ಬರತಿತ್ತು, ಪುಕ್ಕಟೆ. ಕಂಪನಿ 2001ಕ್ಕ ಓವರ್ಚರ್ ಅಂತ ಹೆಸರು ಬದಲಿ ಮಾಡ್ಕೊಂಡ್ತು, 2003ರಾಗ ಯಾಹೂ ಅದನ್ನ ಸುಮಾರು 163 ಕೋಟಿ ಡಾಲರಿಗೆ ಕೊಂಡ್ತು. ಆ ಕಾಲದ ಎಸ್‌ಇಓ ಮಂದಿ ಅರ್ಧಕ್ಕರ್ಧ ಕೆಲಸ ಇದೊಂದರ ಮ್ಯಾಲ ನಡಿಸ್ತಿದ್ರು.

ಆದ್ರ ಅದರಾಗ ಆಗಲೇ ದೋಷ ಇದ್ದವು. ಏಕವಚನ ಬಹುವಚನ ಎಲ್ಲಾ ಕೂಡಿಸಿ ಒಂದ ನಂಬರ್ ಕೊಡ್ತಿತ್ತು. ರೊಕ್ಕ ಹಾಕಿದವ್ರು ತಮ್ಮ ಲಿಂಕ್ ಎಲ್ಲೈತಿ ಅಂತ ಸಾಫ್ಟ್‌ವೇರ್ ಹಚ್ಚಿ ದಿನಾ ಹುಡುಕ್ತಿದ್ರು, ಆ ಹುಡುಕಾಟನೂ ಲೆಕ್ಕದಾಗ ಸೇರ್ತಿತ್ತು, ಹಿಂಗಾಗಿ ಹೆಚ್ಚು ಜಾಹೀರಾತು ಇರೋ ಶಬ್ದದ ನಂಬರ್ ತಾನ ಉಬ್ಬತಿತ್ತು. ಅದೇ 1998ರಾಗ ಶುರುವಾದ ವರ್ಡ್‌ಟ್ರ್ಯಾಕರ್ ಬ್ಯಾರೆ ದಾರಿ ಹಿಡೀತು, ಮೆಟಾಕ್ರಾಲರ್, ಡಾಗ್‌ಪೈಲ್ ಅನ್ನೂ ಸಣ್ಣ ಸರ್ಚ್ ಎಂಜಿನ್‌ಗಳ ಡೇಟಾ ತಗೊಂಡು ಅದರ ಮ್ಯಾಲ ಅಂದಾಜು ಕಟ್ಟಿ ರೊಕ್ಕಕ್ಕ ಮಾರ್ತಿತ್ತು. ಇವತ್ತಿಗೂ ಕೀವರ್ಡ್ ಟೂಲ್ ಅಂದ್ರ ಈ ಎರಡ ಜಾತಿ. ಒಂದು ಜಾಹೀರಾತು ಮಾರೋರು ತಾವ ಕೊಡೂ ಲೆಕ್ಕ, ಇನ್ನೊಂದು ಹೊರಗಿನವ್ರು ಅಲ್ಲಿಷ್ಟು ಇಲ್ಲಿಷ್ಟು ಡೇಟಾ ಕೂಡಿಸಿ ಮಾಡೂ ಅಂದಾಜು.

ಗೂಗಲ್ ಜಾಹೀರಾತು ಮಾರೂ ಆಡ್‌ವರ್ಡ್ಸ್ ಬಂದದ್ದು 2000ದ ಅಕ್ಟೋಬರ್‌ನ್ಯಾಗ, ಬರೇ 350 ಜಾಹೀರಾತುದಾರರ ಜೋಡಿ. ಅದರ ಕೀವರ್ಡ್ ಟೂಲಿನ್ಯಾಗ ಮೊದ್ಲ ಹಸರ ಪಟ್ಟಿಯಷ್ಟ ಕಾಣ್ತಿತ್ತು, ಹೆಚ್ಚು ಕಡಿಮಿ ಅಂತ ತಿಳಕೋಬೇಕಿತ್ತು. 2008ರ ಜುಲೈದಾಗ ಗೂಗಲ್ ಅಂದಾಜು ಅಂಕಿ ತೋರ್ಸಾಕ ಶುರು ಮಾಡ್ತು. ಓವರ್ಚರ್ ಟೂಲ್ ಅಷ್ಟೊತ್ತಿಗೆ ಹಳೇದಾಗಿ ನಿಂತಿತ್ತು, ಹಿಂಗಾಗಿ ಜಗತ್ತೆಲ್ಲಾ ಗೂಗಲ್ ನಂಬರಿಗೆ ಜೋತು ಬಿತ್ತು. ಹೊರಗಿನವ್ರ ಟೂಲ್ ಪೈಕಿ ಸೆಮ್‌ರಶ್ ಶುರುವಾದದ್ದೂ 2008ರಾಗ, ಅಹ್ರೆಫ್ಸ್ 2010ರಾಗ.

ಆಮ್ಯಾಲ ಗೂಗಲ್ ಒಂದೊಂದ ಕೊಡೂದು ಬಿಗಿ ಮಾಡಕೋತ ಬಂತು, ಈ ಭಾಗ ಸರಿಯಾಗಿ ತಿಳ್ಕೊಂಡ್ರ ಟೂಲ್ ಆರಿಸೂದು ಅರ್ಧ ಮುಗದಂಗ. ಮೊದ್ಲ ಏನಿತ್ತಂದ್ರ, ನಿಮ್ಮ ಸೈಟಿಗೆ ಬಂದ ಮನಶ್ಯಾ ಗೂಗಲ್‌ನ್ಯಾಗ ಯಾವ ಶಬ್ದ ಹೊಡೆದು ಬಂದಾನ ಅಂತ ಸೈಟಿಗೆ ಬಂದವರ ಲೆಕ್ಕ ಇಡೂ ಗೂಗಲ್ ಅನಾಲಿಟಿಕ್ಸಿನ್ಯಾಗ ಪುಕ್ಕಟೆ ಕಾಣ್ತಿತ್ತು. 2011ರ ಅಕ್ಟೋಬರ್‌ನ್ಯಾಗ ಲಾಗಿನ್ ಆದವರ ಹುಡುಕಾಟ ಮುಚ್ಚಿದ್ರು, 2013ರ ಸೆಪ್ಟೆಂಬರ್ ಹೊತ್ತಿಗೆ ಹೆಚ್ಚೂಕಡಿಮಿ ಎಲ್ಲಾರದೂ ಮುಚ್ಚಿತು, ಬಳಕೆದಾರರ ಗೌಪ್ಯತೆ ಅಂತ ಕಾರಣ ಕೊಟ್ರು. ಅದೇ ವರ್ಷ ಆಗಸ್ಟಿನ್ಯಾಗ ಹಳೇ ಕೀವರ್ಡ್ ಟೂಲ್ ತಗದು ಕೀವರ್ಡ್ ಪ್ಲಾನರ್ ತಂದ್ರು, ಅದನ್ನ ನೋಡಬೇಕಂದ್ರ ಆಡ್‌ವರ್ಡ್ಸ್ (ಈಗ ಅದರ ಹೆಸರು ಗೂಗಲ್ ಆಡ್ಸ್) ಖಾತೆ ಬೇಕು. 2016ರಾಗ ಇನ್ನೆರಡು ಏಟು ಬಿದ್ದವು. ಒಂದು, ಹತ್ತಿರ ಹತ್ತಿರದ ಶಬ್ದ ಎಲ್ಲಾ ಒಂದ ಗುಂಪು ಮಾಡಿ ಎಲ್ಲಾದಕ್ಕೂ ಒಂದ ನಂಬರ್ ತೋರಿಸಿದ್ರು, 'ಎಸ್‌ಇಓ' ಅಂದ್ರೂ 'ಸರ್ಚ್ ಎಂಜಿನ್ ಆಪ್ಟಿಮೈಸೇಶನ್' ಅಂದ್ರೂ ಅದೇ ಅಂಕಿ. ಎರಡು, ಜಾಹೀರಾತಿಗೆ ಸರಿಯಾಗಿ ರೊಕ್ಕ ಹಾಕದ ಖಾತೆಗೆ ನಿಖರ ನಂಬರ್ ಬಂದ್, ಬರೇ '100ರಿಂದ 1 ಸಾವಿರ', '1 ಸಾವಿರದಿಂದ 10 ಸಾವಿರ' ಅಂತ. ನೂರಕ್ಕೂ ಸಾವಿರಕ್ಕೂ ನಡುವಿನ ಅಂತರದಾಗ ಒಂದು ಸಣ್ಣ ಅಂಗಡಿ ನಡೀತೈತೋ ಮುಚ್ಚತೈತೋ ಅನ್ನೂದು ಇರತೈತಿ, ಅದ ನಮಗ ಕಾಣಂಗಿಲ್ಲ. ಎಪಿಎಂಸಿಯೊಳಗ ಮಾಲು ಮಾರೋನ ಕೈಯಾಗ ತಕ್ಕಡಿನೂ ಇದ್ರ ಹ್ಯಾಂಗೋ, ಇದೂ ಹಂಗ.

ಇನ್ನೊಂದು ಭಾಳ ಮಂದಿ ತಪ್ಪು ತಿಳಕೋತಾರ. ಪ್ಲಾನರಿನ್ಯಾಗ 'ಕಾಂಪಿಟಿಶನ್ ಲೋ' ಅಂತ ಬಂದ್ರ ಆ ಶಬ್ದಕ್ಕ ಗೂಗಲ್‌ನ್ಯಾಗ ಮ್ಯಾಲ ಬರೂದು ಸಸಾರ ಅಂತ ಅಲ್ಲ. ಅದು ಆ ಶಬ್ದಕ್ಕ ಜಾಹೀರಾತು ಹಾಕೋರು ಎಷ್ಟು ಪೈಪೋಟಿ ಮಾಡ್ತಾರ ಅನ್ನೂ ಲೆಕ್ಕ ಅಷ್ಟ, ಎಸ್‌ಇಓಗೂ ಅದಕ್ಕೂ ಸಂಬಂಧ ಇಲ್ಲ.

ಗೂಗಲ್ ಬಿಗಿ ಮಾಡಿದಂಗೆಲ್ಲಾ ಹೊರಗಿನ ಟೂಲ್‌ಗಳ ಬೆಲೆ ಏರ್ತು. ಅವ್ರು ಏನ್ ಮಾಡ್ತಾರಂದ್ರ ಪ್ಲಾನರಿನ ಅಂಕಿ ತಗೋತಾರ, ಅದಕ್ಕ ಕ್ಲಿಕ್‌ಸ್ಟ್ರೀಮ್ ಡೇಟಾ ಕೂಡಿಸ್ತಾರ, ಗುಂಪು ಮಾಡಿದ್ದನ್ನ ಬಿಡಿಸಿ ಒಂದೊಂದು ಶಬ್ದಕ್ಕ ಬ್ಯಾರೆ ನಂಬರ್ ಕಟ್ಟತಾರ. ಕ್ಲಿಕ್‌ಸ್ಟ್ರೀಮ್ ಅಂದ್ರ ಮಂದಿ ಬ್ರೌಸರ್ ಎಕ್ಸ್‌ಟೆನ್ಶನ್, ಆಂಟಿವೈರಸ್ ಇಂಥಾವು ಹಾಕ್ಕೊಂಡಿರ್ತಾರಲ್ಲ, ಅವರು ಎಲ್ಲೆಲ್ಲಿ ಹೋದ್ರು ಏನ್ ಒತ್ತಿದ್ರು ಅಂತ ಕೂಡಿಟ್ಟ ದಾಖಲೆ. 2020ರ ಜನವರಿಯೊಳಗ ಇದರ ಬಣ್ಣ ಬಯಲಾತು, ಅವಾಸ್ಟ್ ಅನ್ನೂ ಆಂಟಿವೈರಸ್ ಕಂಪನಿ ತನ್ನ ಗ್ರಾಹಕರ ಬ್ರೌಸಿಂಗ್ ದಾಖಲೆಯನ್ನ ಜಂಪ್‌ಶಾಟ್ ಅನ್ನೂ ತನ್ನ ಅಂಗಸಂಸ್ಥೆಯಿಂದ ಮಾರ್ತಿತ್ತು ಅಂತ ಪತ್ರಕರ್ತರು ಬರದ್ರು, ಅದೇ ತಿಂಗಳು ಜಂಪ್‌ಶಾಟ್ ಬಾಗಲಾ ಹಾಕ್ಬೇಕಾತು, 2024ರಾಗ ಅಮೆರಿಕಾದಾಗ ಗ್ರಾಹಕರ ಹಿತ ಕಾಯೂ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಅವಾಸ್ಟಿಗೆ 1.65 ಕೋಟಿ ಡಾಲರ್ ಕಟ್ಟಾಕ ಹಚ್ಚಿತು. ನಮ್ಮ ವ್ಯಾಪಾರಕ್ಕ ಬೇಕಂತ ನಾವು ನೋಡೂ ನಂಬರಿನ ಹಿಂದ ಯಾರದೋ ಮನಿ ಕಂಪ್ಯೂಟರಿನ ಖಾಸಗಿ ಮಾಹಿತಿ ಇರಬಹುದು ಅನ್ನೂದು ನನಗಂತೂ ಸಣ್ಣ ವಿಷಯ ಅನ್ಸಂಗಿಲ್ಲ, ರೊಕ್ಕ ಕೊಡೂ ಮೊದ್ಲ ನಿಮ್ಮ ಡೇಟಾ ಎಲ್ಲಿಂದ ಅಂತ ಟೂಲಿನವ್ರನ್ನ ಕೇಳೂ ಹಕ್ಕು ನಮಗೈತಿ.

'ಡಿಫಿಕಲ್ಟಿ', ಅಂದ್ರ ಒಂದು ಶಬ್ದಕ್ಕ ಗೂಗಲ್‌ನ್ಯಾಗ ಮ್ಯಾಲ ಬರೂದು ಎಷ್ಟು ಕಷ್ಟ ಅಂತ ಹೊರಗಿನ ಟೂಲ್ ಕೊಡೂ ಸ್ಕೋರೂ ಅಂದಾಜ. ಅಹ್ರೆಫ್ಸ್ ಅದನ್ನ ಹುಡುಕಿದಾಗ ಮೊದ್ಲ ಕಾಣೂ ಹತ್ತು ಪೇಜಿಗೆ ಎಷ್ಟು ಸೈಟಿನಿಂದ ಲಿಂಕ್ ಅದಾವ ಅನ್ನೂದರ ಮ್ಯಾಲ ಕಟ್ಟತೈತಿ, ಬ್ಯಾರೆ ಟೂಲ್ ಬ್ಯಾರೆ ಲೆಕ್ಕ ಹಾಕತೈತಿ, ಒಂದರಾಗಿನ 20 ಇನ್ನೊಂದರಾಗಿನ 20 ಅಲ್ಲ.

ಈಗ ಕನ್ನಡಕ್ಕ ಬರೂಣು. ಈ ಎಲ್ಲಾ ಎಣಿಕಿ ಶುರುವಾದಾಗ ಕನ್ನಡ ಅದರಾಗ ಇದ್ದೇ ಇಲ್ಲ ಅನ್ನಬೇಕು. ಎಲ್ಲಾ ಭಾಷೆಯ ಅಕ್ಷರ ಕಂಪ್ಯೂಟರಿಗೆ ತಿಳಿಯೂಹಂಗ ಮಾಡಿದ ಯೂನಿಕೋಡಿನ್ಯಾಗ ಕನ್ನಡಕ್ಕ 1991ರಾಗನ ಜಾಗ ಸಿಕ್ಕಿತ್ತು, ಆದ್ರ ನಮ್ಮ ಪತ್ರಿಕಿ, ಸೈಟು ಎಲ್ಲಾ ವರ್ಷಗಟ್ಟಲೆ ಬ್ಯಾರೆ ಬ್ಯಾರೆ ಫಾಂಟಿನ್ಯಾಗ ಇದ್ವು. ಕಣ್ಣಿಗೆ ಕನ್ನಡ ಕಂಡ್ರೂ ಒಳಗ ಕೂತಿದ್ದು ಇಂಗ್ಲಿಷ್ ಅಕ್ಷರ, ಹಿಂಗಾಗಿ ಸರ್ಚ್ ಎಂಜಿನ್ನಿಗೆ ಅದು ಓದಾಕ ಬರತಿದ್ದಿಲ್ಲ, ಹುಡುಕಿದ್ರ ಸಿಗತಿದ್ದಿಲ್ಲ, ಸಿಗಂಗಿಲ್ಲ ಅಂದಮ್ಯಾಲ ಮಂದಿ ಕನ್ನಡದಾಗ ಹುಡುಕೂದನ್ನ ಕಲೀಲಿಲ್ಲ. ಇಂಗ್ಲಿಷ್ ಅಕ್ಷರದಾಗ ಕನ್ನಡ ಟೈಪ್ ಮಾಡೂ ರೂಢಿ ಹಂಗ ಬೇರೂರಿತು. 2016ರಾಗ ಜಿಯೋ ಬಂದು ಡೇಟಾ ಅಗ್ಗ ಆತು, 2017ರ ಆಗಸ್ಟಿನ್ಯಾಗ ಗೂಗಲ್ ವಾಯ್ಸ್ ಟೈಪಿಂಗಿಗೆ ಕನ್ನಡ ಸೇರ್ತು, ಅಲ್ಲಿಂದ ಹೊಲದಾಗ ನಿಂತು ಫೋನಿಗೆ ಮಾತಾಡಿ ಹುಡುಕೂ ಮಂದಿ ಬಂದ್ರು. ಅವರು ಎರಡು ಶಬ್ದದಾಗ ಹುಡುಕಂಗಿಲ್ಲ, 'ದ್ರಾಕ್ಷಿಗೆ ದಾವಣಿ ರೋಗ ಬಂದ್ರ ಏನ್ ಹೊಡೀಬೇಕು' ಅಂತ ಇಡೀ ಮಾತು ಕೇಳ್ತಾರ. ದಿನಾ ಬರೂ ಹುಡುಕಾಟದಾಗ 15 ಪರ್ಸೆಂಟ್ ಹಿಂದೆಂದೂ ಕಂಡಿರಲಾರದ್ದು ಅಂತ ಗೂಗಲ್ ತಾನ ಹೇಳ್ತೈತಿ, ಇಂಥಾ ಮಾತಿಗೆ ಯಾವ ಟೂಲಿನ್ಯಾಗ ನಂಬರ್ ಇರತೈತಿ ಹೇಳ್ರಿ. ಸೊನ್ನಿ ಅಂತ ತೋರಿಸ್ತಾವ. ಸೊನ್ನಿ ಅಂದ್ರ ಯಾರೂ ಕೇಳಂಗಿಲ್ಲ ಅಂತ ಅಲ್ಲ, ಆ ಟೂಲಿನ ಕಣ್ಣಿಗೆ ಬಿದ್ದಿಲ್ಲ ಅಂತ.

ನಮ್ಮ ಊರಿನ ಹೆಸರುಗಳದ್ದು ಇನ್ನೊಂದು ಫಜೀತಿ. 2014ರ ನವೆಂಬರ್ 1ಕ್ಕ ಸರ್ಕಾರ ಬೆಳಗಾಂ ಅನ್ನೂದನ್ನ ಬೆಳಗಾವಿ, ಬಿಜಾಪುರ ಅನ್ನೂದನ್ನ ವಿಜಯಪುರ ಮಾಡ್ತು, ಆದ್ರ ಹುಡುಕೋರ ಬೆರಳು ಆದೇಶ ಕೇಳಂಗಿಲ್ಲ. ಬೆಳಗಾವಿಗೆ ಹೊಸ ಹೆಸರು, ಹಳೇ ಹೆಸರು, ಮರಾಠಿಯೊಳಗ ಬೇಳಗಾವ್, ಇಂಗ್ಲಿಷ್ ಸ್ಪೆಲ್ಲಿಂಗಿನ್ಯಾಗ ಮತ್ತ ಮೂರ್ನಾಲ್ಕು ಥರ, ಬೇಡಿಕಿ ಎಲ್ಲಾ ಹಂಚಿ ಹೋಗಿರತೈತಿ, ಒಂದೊಂದ ಬಿಡಿಸಿ ನೋಡಿದ್ರ ಎಲ್ಲಾ ಸಣ್ಣಾಗಿ ಕಾಣ್ತಾವ. ಬಿಜಾಪುರದ್ದು ಉಲ್ಟಾ. ಛತ್ತೀಸಗಡದಾಗೂ ಒಂದು ಬಿಜಾಪುರ ಜಿಲ್ಲಾ ಐತಿ, ನಕ್ಸಲ್ ಸುದ್ದಿ ಬಂದಾಗೆಲ್ಲಾ ದೇಶ ಅದನ್ನ ಹುಡುಕತೈತಿ. ಹೋಗ್ಲಿ ವಿಜಯಪುರ ಅಂತ ನೋಡಿದ್ರ ದೇವನಹಳ್ಳಿ ತಾಲೂಕಿನ್ಯಾಗೂ ಒಂದು ವಿಜಯಪುರ. ಇಡೀ ಭಾರತದ ಲೆಕ್ಕ ನೋಡಿ 'ಬಿಜಾಪುರ ಹೋಟೆಲ್' ದೊಡ್ಡ ಕೀವರ್ಡ್ ಅಂತ ಕುಣಿದ್ರ ಉಪಯೋಗಿಲ್ಲ, ಪ್ಲಾನರಿನ್ಯಾಗ ಜಾಗ ಕರ್ನಾಟಕ ಅಥವಾ ನಮ್ಮ ಜಿಲ್ಲಾ ಅಂತ ಇಟ್ಟು ನೋಡಬೇಕು, ಗೋಳಗುಮ್ಮಟ ನೋಡಾಕ ಬರೋರಿಗೆ ರೂಮ್ ಕೊಡೋರಾದ್ರ ಮಹಾರಾಷ್ಟ್ರನೂ ಸೇರಿಸ್ರಿ.

ಸರಾಸರಿ ಅನ್ನೂದೂ ಮೋಸ ಮಾಡತೈತಿ. 2020ರ ಆಗಸ್ಟ್ 30ಕ್ಕ ಪ್ರಧಾನಿ ಮನ್ ಕೀ ಬಾತ್‌ನ್ಯಾಗ ಮುಧೋಳ ನಾಯಿ ಹೆಸರು ತಗದ್ರು. ಇಂಥಾ ಒಂದು ದಿನದ ಸುದ್ದಿಗೆ ಹುಡುಕಾಟ ಜಿಗದ್ರ ಅದು 12 ತಿಂಗಳ ಸರಾಸರಿಯೊಳಗ ಹಂಚಿ ಹೋಗಿ, ವರ್ಷೆಲ್ಲಾ ಬೇಡಿಕಿ ಐತಿ ಅನ್ನೂ ಥರ ಕಾಣತೈತಿ. ಇದಕ್ಕ ಗೂಗಲ್ ಟ್ರೆಂಡ್ಸ್ ಬೇಕು. 2006ರಿಂದ ಐತಿ, ಪುಕ್ಕಟೆ, ಎಷ್ಟು ಸರ್ಚ್ ಅಂತ ಹೇಳಂಗಿಲ್ಲ ಆದ್ರ 0ಯಿಂದ 100ರ ಅಳತಿಯೊಳಗ ಯಾವಾಗ ಏರ್ತು ಯಾವಾಗ ಇಳೀತು ತೋರಿಸ್ತೈತಿ, ಎರಡು ಸ್ಪೆಲ್ಲಿಂಗ್ ಪಕ್ಕಪಕ್ಕ ಇಟ್ಟು ಕರ್ನಾಟಕದಾಗ ಯಾವುದು ಹೆಚ್ಚು ಅಂತ ನೋಡಾಕ ಇದರಷ್ಟು ಸುಲಭ ಬ್ಯಾರೆ ಇಲ್ಲ.

ಇಷ್ಟು ನೋಡಿದ ಮ್ಯಾಲ ನಾನು ಹೇಳೂದು ಇಷ್ಟ. ನಮ್ಮ ಮೂರು ಜಿಲ್ಲಾದ ಸಣ್ಣ ವ್ಯಾಪಾರಕ್ಕ ಮೊದಲ ಟೂಲ್ ಗೂಗಲ್ ಸೈಟ್ ಮಾಲೀಕರಿಗೆ ಕೊಡೂ ಸರ್ಚ್ ಕನ್ಸೋಲ್. 2013ರಾಗ ಅನಾಲಿಟಿಕ್ಸಿನಿಂದ ಮುಚ್ಚಿದ್ದನ್ನ ಗೂಗಲ್ ಇಲ್ಲಿ ಸ್ವಲ್ಪ ತೆರದು ಇಟ್ಟೈತಿ, ಯಾವ ಶಬ್ದಕ್ಕ ನಿಮ್ಮ ಪೇಜ್ ಕಂಡೈತಿ, ಎಷ್ಟನೇ ಜಾಗದಾಗ, ಎಷ್ಟು ಕ್ಲಿಕ್, ಎಲ್ಲಾ 16 ತಿಂಗಳದ್ದು ಸಿಗತೈತಿ. ಭಾಳ ಅಪರೂಪದ ಶಬ್ದಗಳನ್ನ ಮುಚ್ಚತೈತಿ ಖರೆ, ಆದ್ರೂ ಇದು ನಿಮ್ಮ ಸೈಟಿನ ಸ್ವಂತ ಲೆಕ್ಕ, ಯಾರದೋ ಅಂದಾಜಲ್ಲ. ಎರಡನೇದು ಗೂಗಲ್ ಬಾಕ್ಸಿನ್ಯಾಗ ಅರ್ಧ ಟೈಪ್ ಮಾಡಿದಾಗ ಕೆಳಗ ಬರೂ ಸಲಹೆ, ಕನ್ನಡದಾಗೂ ಇಂಗ್ಲಿಷ್ ಅಕ್ಷರದಾಗೂ ಮರಾಠಿಯೊಳಗೂ ಹೊಡೆದು ನೋಡ್ರಿ. ಮೂರನೇದು ನಿಮ್ಮ ವಾಟ್ಸಾಪು, ಫೋನು. ಗಿರಾಕಿ 'ಟೋಪ ತೆನಿ ಸೀರಿ ಐತೇನ್ರಿ' ಅಂತ ಕೇಳ್ತಿದ್ರ ಅದ ಕೀವರ್ಡ್, ಟೂಲ್ ಸೊನ್ನಿ ಅಂದ್ರೂ ಆ ಪೇಜ್ ಬರೀರಿ. ಫೌಂಡ್ರಿಯವ್ರಿಗೆ ಇದು ಇನ್ನೂ ಖರೆ, ಅವರ ಶಬ್ದ ತಿಂಗಳಿಗೆ ಹತ್ತು ಮಂದಿ ಹುಡುಕಿದ್ರೂ ಅದರಾಗ ಒಬ್ಬ ಖರೀದಿದಾರ ಇದ್ರ ವರ್ಷದ ಆರ್ಡರ್.

ಅಹ್ರೆಫ್ಸ್, ಸೆಮ್‌ರಶ್ ಕೆಟ್ಟವು ಅಂತ ಅಲ್ಲ. ಎದುರಾಳಿ ಸೈಟಿಗೆ ಯಾವ ಶಬ್ದದಿಂದ ಮಂದಿ ಬರ್ತಾರ, ಯಾರು ಲಿಂಕ್ ಕೊಟ್ಟಾರ ಅಂತ ನೋಡಾಕ ಅವುಗಳ ಜಾಗಕ್ಕ ಸರ್ಚ್ ಕನ್ಸೋಲ್ ಬರಂಗಿಲ್ಲ. ಆದ್ರ ಸರಿಯಾಗಿ ಬಳಸೂ ಪ್ಲಾನ್ ತಿಂಗಳಿಗೆ ನೂರು ಡಾಲರ್ ದಾಟತಾವ, ದೇಶೆಲ್ಲಾ ಸೀರಿ ಕಳ್ಸೋರಿಗೆ, ಹತ್ತಾರು ಗಿರಾಕಿ ಇರೂ ಏಜೆನ್ಸಿಗೆ ಅದು ಹೊಂದತೈತಿ, ಒಂದೂರಿನ ಕ್ಲಿನಿಕ್ಕಿಗೆ ಹೊಂದಂಗಿಲ್ಲ. ನಿಮ್ಮದೇ ಸೈಟಿನ ಲಿಂಕ್ ನೋಡೂದಷ್ಟ ಆದ್ರ ಅಹ್ರೆಫ್ಸ್ 2020ರಿಂದ ಸೈಟ್ ಮಾಲೀಕರಿಗೆ ಪುಕ್ಕಟೆ ಒಂದು ಭಾಗ ಕೊಟ್ಟೈತಿ, ಬಿಂಗ್ ವೆಬ್‌ಮಾಸ್ಟರ್ ಟೂಲ್ಸಿನ್ಯಾಗೂ ಕೀವರ್ಡ್ ಹುಡುಕಾಟ ಪುಕ್ಕಟೆ ಐತಿ. ತಗೋಬೇಕಂದ್ರ ಒಂದ ತಿಂಗಳದ್ದು ತಗೊಂಡು, ಬೇಕಾದ ಲಿಸ್ಟ್ ಎಲ್ಲಾ ಇಳಿಸಿಕೊಂಡು, ಬಂದ್ ಮಾಡ್ರಿ. ತಗೊಳ್ಳೂ ಮೊದ್ಲ ಒಂದು ಪರೀಕ್ಷೆ ಮಾಡ್ರಿ, ಸರ್ಚ್ ಕನ್ಸೋಲಿನ್ಯಾಗ ನಿಮ್ಮ ಪೇಜ್ ಮೊದಲ ಮೂರರೊಳಗ ಇರೂ ನಾಲ್ಕೈದು ಶಬ್ದ ಆರಿಸಿ, ಅವು ತಿಂಗಳಿಗೆ ಎಷ್ಟು ಸಲ ಕಂಡಾವ ಅಂತ ಬರಕೊಂಡು, ಟೂಲಿನ ಟ್ರಯಲ್‌ನ್ಯಾಗ ಅದೇ ಶಬ್ದ ಹಾಕಿ, ದೇಶ ಭಾರತ ಅಂತ ಇಟ್ಟು, ಎರಡೂ ಅಂಕಿ ಪಕ್ಕಪಕ್ಕ ಇಟ್ಟು ನೋಡ್ರಿ. ಅಜಗಜಾಂತರ ಇದ್ರ ನಮ್ಮ ಕಡಿ ಶಬ್ದಕ್ಕ ಆ ಟೂಲ್ ಸದ್ಯಕ್ಕ ಬ್ಯಾಡ.